ಕಿವಿ, ಕೆಬಿ, ಚೆವಿ, ಚೆಬಿ: ಮಾತಿನ ಧ್ವನಿ ಬದಲಾಗುದನ್ನು ನಮ್ಮೂರಲ್ಲೇ ಹಿಡಿಯುದು ಹೇಗೆ?

ಕಾಸರಗೋಡಿಗೆ ಸಪ್ತಭಾಷಾ ಸಂಗಮ ಭೂಮಿ ಅಂತ ಹೆಸರು. ಭಾಷಣ ಮಾಡುವವರೆಲ್ಲ ಅದನ್ನೇ ಹೇಳಿ ಸುರು ಮಾಡ್ತಾರೆ, ಆದ್ರೆ ಆ ಸಂಗಮದಲ್ಲಿ ನಿಜವಾಗಿ ಎಂತ ಆಗ್ತಾ ಉಂಟು ಅಂತ ಕೂತು ಕೇಳಿದವ್ರು ಕಡಿಮೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಏಳೂ ಉಂಟು, ಕುಂಬಳೆಯಿಂದ ಬದಿಯಡ್ಕಕ್ಕೆ ಬಸ್ಸಲ್ಲಿ ಹೋಗುವಷ್ಟರಲ್ಲಿ ಮೂರು ನಾಲ್ಕಾದ್ರೂ ಕಿವಿಗೆ ಬೀಳ್ತದೆ. ಒಂದೇ ಶಬ್ದ ಒಬ್ಬನ ಬಾಯಲ್ಲಿ ಪಕಾರ, ಇನ್ನೊಬ್ಬನ ಬಾಯಲ್ಲಿ ಹಕಾರ, ಮೂರನೆಯವನ ಬಾಯಲ್ಲಿ ಇನ್ನೆಂತದ್ದೋ. ಇದು ಸುಮ್ಮನೆ ಬಾಯಿಗೆ ಬಂದ ಹಾಗೆ ಆದದ್ದಲ್ಲ, ಹೆಚ್ಚಿನದಕ್ಕೆ ಒಂದು ಕ್ರಮ ಉಂಟು, ಆ ಕ್ರಮವನ್ನು ನೀವೇ ಮನೆಯಲ್ಲಿ ಕೂತು ಹುಡುಕ್ಬಹುದು. ಭಾಷಾವಿಜ್ಞಾನದಲ್ಲಿ ಎಂಎ ಎಲ್ಲ ಬೇಡ. ಒಂದು ನೋಟ್‌ಬುಕ್, ಒಂದು ಸಣ್ಣ ಕನ್ನಡಿ, ರೆಕಾರ್ಡರ್ ಇರುವ ಫೋನ್, ಮತ್ತೆ ಮಾತಾಡ್ಲಿಕ್ಕೆ ಉದಾಸೀನ ಇಲ್ಲದ ಒಬ್ಬ ಅಜ್ಜಿ ಸಿಕ್ಕಿದ್ರೆ ಸಾಕು.

ಕೆಲಸಕ್ಕೆ ಇಳಿಯುವ ಮೊದಲು ಒಂದೇ ಒಂದು ಅಭ್ಯಾಸ ಮಾಡ್ಕೊಳ್ಳಿ: ಶಬ್ದವನ್ನು ಇಡಿಯಾಗಿ ನೋಡುದಲ್ಲ, ಅದರೊಳಗಿನ ಒಂದೊಂದು ಧ್ವನಿಯ ಎಡಕ್ಕೆ ಯಾರು ಕೂತಿದ್ದಾರೆ ಬಲಕ್ಕೆ ಯಾರು ಕೂತಿದ್ದಾರೆ ಅಂತ ನೋಡುದು. ಧ್ವನಿ ಬದಲಾಗುದು ಬಹಳ ಸಲ ಪಕ್ಕದವರ ಸಹವಾಸದಿಂದ. ಉಳಿದದ್ದೆಲ್ಲ ಇದರ ಮೇಲೆ ನಿಂತದ್ದು.

ಸುರುವಿಗೆ ನೂರರವರೆಗೆ ಎಣಿಸಿ

ನಿಜವಾಗಿ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು ಅಂತ ಜೋರಾಗಿ ಹೇಳಿ. ಈಗ ಪ್ರತಿಯೊಂದರಲ್ಲೂ ಆ ‘ಹತ್ತು’ ಎಲ್ಲಿ ಉಂಟು ಹುಡುಕಿ. ಇಪ್ಪತ್ತರಲ್ಲಿ ಅದು ‘ಪತ್ತು’, ಮೂವತ್ತರಲ್ಲಿ ‘ವತ್ತು’, ಎಂಬತ್ತರಲ್ಲಿ ‘ಬತ್ತು’. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಒಂದೇ ರಾತ್ರಿ ನಾಲ್ಕು ವೇಷ ಮಾಡಿ ಬಂದ ಹಾಗೆ, ಒಂದೇ ಹಳೇ ‘ಪತ್ತು’ ನಾಲ್ಕು ರೂಪದಲ್ಲಿ ನಿಂತದೆ.

ಯಾಕೆ ಅಂತ ನೋಡುವ. ಹಳಗನ್ನಡದಲ್ಲಿ ಹತ್ತಕ್ಕೆ ಪತ್ತು ಅಂತಲೇ ಇದ್ದದ್ದು, ತುಳುವಿನಲ್ಲಿ ಮಲಯಾಳದಲ್ಲಿ ಇವತ್ತಿಗೂ ಪತ್ತ್. ಕನ್ನಡದಲ್ಲಿ ಸುಮಾರು 10ನೇ ಶತಮಾನದಿಂದ ಶಬ್ದದ ಸುರುವಿನ ಪಕಾರ ಹಕಾರ ಆಗ್ಲಿಕ್ಕೆ ಹೊರಟಿತು, 14ನೇ ಶತಮಾನದ ಹೊತ್ತಿಗೆ ಎಲ್ಲ ಕಡೆ ಹರಡಿತ್ತು. ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಪೂ ಹೂವಾಯ್ತು. ಸಂಸ್ಕೃತದಿಂದ ಮೊದಲೇ ಬಂದು ಇಲ್ಲಿಯವನೇ ಆಗಿ ಹೋಗಿದ್ದ ಪಕ್ಷಿ ಹಕ್ಕಿಯಾಯ್ತು, ಪರ್ವ ಹಬ್ಬವಾಯ್ತು. ಆದ್ರೆ ಇಪ್ಪತ್ತರಲ್ಲಿ ಪಕಾರ ಸುರುವಲ್ಲಿ ಇಲ್ಲ. ಅದು ಮೊದಲು ಇರ್ ಮತ್ತು ಪತ್ತು, ರಕಾರ ಪಕಾರದ ಹತ್ರ ಬಂದು ತಾನೂ ಪಕಾರ ಆಗಿಬಿಟ್ಟಿತು. ಎರಡು ಪಕಾರ ಒತ್ತಿ ಕೂತ ಕಡೆ ಹಕಾರಕ್ಕೆ ಜಾಗವೇ ಇಲ್ಲ, ಅದಕ್ಕೇ ಅಪ್ಪ, ಉಪ್ಪು, ತುಪ್ಪ ಯಾವುದೂ ಬದಲಾಗ್ಲಿಲ್ಲ. ಮೂವತ್ತರಲ್ಲಿ ಎರಡು ಸ್ವರದ ಮಧ್ಯೆ ಸಿಕ್ಕಿಬಿದ್ದ ಪಕಾರ ಸಡಿಲಾಗಿ ವಕಾರ ಆಗಿದೆ. ಎಂಬತ್ತರಲ್ಲಿ ಎರಡೂ ಕಡೆಯಿಂದ ಕೊಟ್ಟು ತಗೊಂಡ ವ್ಯಾಪಾರ: ಎಣ್ ಅಂಬುದರ ಣಕಾರ ತುಟಿಯ ಹತ್ರ ಸರಿದು ಮಕಾರ ಆಯ್ತು, ಪತ್ತು ಅಂಬುದರ ಪಕಾರ ಮೂಗಿನ ಧ್ವನಿಯ ಪಕ್ಕ ಕೂತು ಬಕಾರ ಆಯ್ತು. ಶಾಲೆಯಲ್ಲಿ ಕಣ್ ಮತ್ತು ಪನಿ ಸೇರಿ ಕಂಬನಿ ಅಂತ ಸಂಧಿ ಬಿಡಿಸಿದ್ದೀರಲ್ಲ, ಅದೇ ಇದು. ಸಂಧಿ ಅಂದ್ರೆ ಪರೀಕ್ಷೆಗೆ ಉರು ಹೊಡೆಯುವ ವಿಷಯ ಅಂತ ಮಾಡಿಟ್ಟದ್ದು ದೊಡ್ಡ ಅನ್ಯಾಯ, ಅದು ದಿನಾ ಬಾಯಲ್ಲಿ ಆಗುವ ಕೆಲಸ.

ಇದೇ ಎಣಿಕೆಯನ್ನು ತುಳು ಮಾತಾಡುವವರ ಹತ್ರ ಕೇಳಿ: ಇರ್ವ, ಮುಪ್ಪ, ನಲ್ಪ, ಐವ, ಅಜಿಪ, ಎಳ್ಪ, ಎಣ್ಪ, ಸೊಣ್ಪ. ನಮ್ಮ ಎಂಬತ್ತು ಅಲ್ಲಿ ಎಣ್ಪ, ಣಕಾರ ಪಕಾರ ಎರಡೂ ತಮ್ಮ ಪಾಡಿಗೆ ಇದ್ದಾವೆ. ಮಲಯಾಳದಲ್ಲೂ ಎಣ್ಪದ್. ಆದ್ರೆ ಇಪ್ಪತ್ತು ನೋಡಿ, ನಮ್ಮಲ್ಲಿ ಪಕಾರ ಗಟ್ಟಿಯಾಗಿ ಒತ್ತಿದೆ, ತುಳುವಿನ ಇರ್ವದಲ್ಲಿ ಅದೇ ಸಡಿಲಾಗಿ ವಕಾರ. ಅಂದ್ರೆ ಒಂದೇ ಅಕ್ಕಪಕ್ಕ ಇದ್ರೂ ಎಲ್ಲ ಭಾಷೆಯೂ ಒಂದೇ ತೀರ್ಮಾನಕ್ಕೆ ಬರುದಿಲ್ಲ. ಯಾವ ಭಾಷೆ ಎಲ್ಲಿ ಬಗ್ಗಿತು ಎಲ್ಲಿ ಬಗ್ಗಲಿಲ್ಲ ಅಂತ ಬರೆದಿಡುದೇ ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟ.

ಶಬ್ದವನ್ನು ತುಂಡು ಮಾಡಿ, ತುಂಡು ತುಂಡಾಗಿ ಹೋಲಿಸಿ

ಕಿವಿಯನ್ನು ಮುಟ್ಟಿ ತೋರಿಸಿ ‘ಇದಕ್ಕೆ ಎಂತ ಹೇಳುದು’ ಅಂತ ಕೇಳ್ತಾ ಹೋದ್ರೆ ಕನ್ನಡದವ್ರು ಕಿವಿ, ತುಳುವಿನವ್ರು ಕೆಬಿ, ಮಲಯಾಳದವ್ರು ಚೆವಿ, ಬ್ಯಾರಿಯವ್ರು ಚೆಬಿ, ಹವ್ಯಕರ ಮನೆಯಲ್ಲಿ ಕೆಮಿ. ಸುರುವಿಗೆ ಕೇಳಿದ್ರೆ ಐದು ಬೇರೆ ಬೇರೆ ಶಬ್ದದ ಹಾಗೆ ಕಾಣ್ತದೆ. ಈಗ ನೋಟ್‌ಬುಕ್ಕಲ್ಲಿ ಮೂರು ಗೆರೆ ಹಾಕಿ ಭಾಗ ಮಾಡಿ, ಮೊದಲ ವ್ಯಂಜನ ಒಂದು ಕಡೆ, ಮಧ್ಯದ ಸ್ವರ ಒಂದು ಕಡೆ, ನಂತರದ ವ್ಯಂಜನ ಒಂದು ಕಡೆ. ಆಗ ಗೊತ್ತಾಗ್ತದೆ, ಆದದ್ದು ಮೂರೇ ಬದಲಾವಣೆ, ಅದನ್ನೇ ಒಬ್ಬೊಬ್ಬರು ಒಂದೊಂದು ರೀತಿ ಸೇರಿಸಿದ್ದಾರೆ.

ಮೊದಲಿನದ್ದು ಕಕಾರವೋ ಚಕಾರವೋ ಅನ್ನುವ ಪ್ರಶ್ನೆ. ಕನ್ನಡ ತುಳು ಹವ್ಯಕ ಒಂದು ಕಡೆ, ಮಲಯಾಳ ಬ್ಯಾರಿ ಇನ್ನೊಂದು ಕಡೆ. ಎರಡನೆಯದ್ದು ಎಕಾರವೋ ಇಕಾರವೋ. ಇಲ್ಲಿ ಬೇರೆ ಆದದ್ದು ಕನ್ನಡ ಒಂದೇ, ಮುಂದೆ ಬರುವ ಇಕಾರದ ಸೆಳೆತಕ್ಕೆ ಹಿಂದಿನ ಎಕಾರವೂ ಮೇಲೆ ಹತ್ತಿ ಇಕಾರ ಆಗಿದೆ, ಉಳಿದ ನಾಲ್ಕರಲ್ಲೂ ಹಳೇ ಎಕಾರ ಹಾಗೇ ಉಂಟು. ಮೂರನೆಯದ್ದು ವಕಾರ, ಬಕಾರ, ಮಕಾರ. ಮೂರೂ ತುಟಿಯಲ್ಲಿ ಹುಟ್ಟುವಂತದ್ದು. ಬಕಾರಕ್ಕೂ ಮಕಾರಕ್ಕೂ ಇರುವ ವ್ಯತ್ಯಾಸ ಮೂಗು ಮಾತ್ರ, ಶೀತ ಆಗಿ ಮೂಗು ಕಟ್ಟಿದಾಗ ‘ಅಮ್ಮ’ ಅಂತ ಹೇಳಿ ನೋಡಿ, ‘ಅಬ್ಬ’ ಅಂತ ಕೇಳ್ತದೆ.

ಬ್ಯಾರಿಯ ಚೆಬಿ ನನಗೆ ಇದರಲ್ಲೆಲ್ಲ ಅತಿ ಚೆಂದ ಕಾಣುದು. ಮುಂದಿನ ಅರ್ಧ ಮಲಯಾಳದ ಕಡೆಯದ್ದು, ಹಿಂದಿನ ಅರ್ಧ ತುಳುವಿನ ಕಡೆಯದ್ದು. ಚಂದ್ರಗಿರಿ ಹೊಳೆಯಿಂದ ಮಂಗಳೂರಿನವರೆಗಿನ ಇಡೀ ಕರಾವಳಿಯ ಚರಿತ್ರೆ ಒಂದು ಎರಡಕ್ಷರದ ಶಬ್ದದಲ್ಲಿ ಉಂಟು.

ಎರಡೂ ಪಕ್ಕ ನೋಡುದು, ಕನ್ನಡಿ ಹಿಡ್ಕೊಂಡು

ಈಗ ಆ ಕಕಾರ ಚಕಾರದ ವಿಷಯಕ್ಕೆ ಬರುವ, ಯಾಕಂದ್ರೆ ಹೆಚ್ಚಿನವರು ಅರ್ಧಕ್ಕೇ ನಿಲ್ಲುದು ಇಲ್ಲೇ. ಕಿವಿ-ಚೆವಿ, ಕೆರೆ-ಚಿರ, ಕಿರು-ಚೆರು ಅಂತ ಮೂರು ಜೋಡಿ ಸಿಕ್ಕಿದ ಕೂಡ್ಲೇ ‘ಕನ್ನಡದ ಕಿ, ಕೆ ಮಲಯಾಳದಲ್ಲಿ ಚಿ, ಚೆ ಆಗ್ತದೆ’ ಅಂತ ನಿಯಮ ಬರೆದು ಪುಸ್ತಕ ಮಡಚ್ತಾರೆ. ಬಾಯಿಯ ಲೆಕ್ಕದಲ್ಲಿ ಇದಕ್ಕೆ ಕಾರಣವೂ ಸಲೀಸು, ಇಕಾರ ಎಕಾರ ಹೇಳ್ಬೇಕಾದ್ರೆ ನಾಲಗೆ ಮುಂದೆ ಬರ್ತದೆ, ಕಕಾರ ನಾಲಗೆಯ ಹಿಂಭಾಗದ್ದು, ಮುಂದಿನ ಸ್ವರಕ್ಕೆ ತಯಾರಾಗಿ ಕಕಾರವೂ ಮುಂದೆ ಸರಿದು ಸರಿದು ಚಕಾರ ಆಗ್ತದೆ. ಕೈ ಮಾತ್ರ ಮಲಯಾಳದಲ್ಲೂ ಕೈಯೇ, ಯಾಕಂದ್ರೆ ಅಲ್ಲಿ ಕಕಾರದ ಪಕ್ಕ ಇರುದು ಅಕಾರದ ಹಾಗಿನ ಧ್ವನಿ.

ಆದ್ರೆ ಗಿಳಿಗೆ ಮಲಯಾಳದಲ್ಲಿ ಕಿಳಿ, ಚಿಳಿ ಅಲ್ಲ. ಬಾವಿಗೆ ಕಿಣರ್, ಚಿಣರ್ ಅಲ್ಲ. ಕೆಡು ಅಲ್ಲಿಯೂ ಕೆಡು, ಕೇಳು ಅಲ್ಲಿಯೂ ಕೇಳ್. ನಿಯಮ ಸುಳ್ಳಾಯ್ತಾ? ಇಲ್ಲ, ಆಚೆ ಪಕ್ಕ ನೋಡಿ. ಈ ನಾಲ್ಕರಲ್ಲೂ ಸ್ವರದ ನಂತರ ಕೂತದ್ದು ಳ, ಣ, ಡ. ನಾಲಗೆಯ ತುದಿ ಮಡಚಿ ಹಿಂದೆ ಹೋಗಿ ಹೇಳುವ ಧ್ವನಿಗಳು. ನಾಲಗೆ ಹಿಂದೆ ಮಡಚ್ಲಿಕ್ಕೆ ತಯಾರಾಗ್ತಾ ಇರುವಾಗ ಮಧ್ಯದ ಇಕಾರ ಎಕಾರಕ್ಕೆ ಪೂರ್ತಿ ಮುಂದೆ ಹೋಗ್ಲಿಕ್ಕೆ ಆಗುದಿಲ್ಲ, ಅದು ಮುಂದೆ ಹೋಗದಿದ್ರೆ ಕಕಾರವನ್ನು ಎಳೆಯುವವ್ರು ಯಾರು?

ಈ ಮಡಚಿದ ನಾಲಗೆಯ ಪ್ರಭಾವ ಇನ್ನೂ ಚೆನ್ನಾಗಿ ಕಾಣ್ಬೇಕಾದ್ರೆ ತುಳುವಿಗೆ ಬನ್ನಿ. ಕನ್ನಡಿ ತಗೊಳ್ಳಿ. ನಮ್ಮ ಹೆಣ್ಣು ಮೊದಲು ಪೆಣ್, ಮಲಯಾಳದಲ್ಲಿ ಪೆಣ್ಣ್, ತುಳುವಿನಲ್ಲಿ ಪೊಣ್ಣು. ಬೆಳ್ಳಿಗೆ ತುಳುವಿನಲ್ಲಿ ಬೊಳ್ಳಿ. ಬಿಡು ಅಂಬುದಕ್ಕೆ ಬುಡು. ಎಕಾರ ಒಕಾರ ಆಗಿದೆ, ಇಕಾರ ಉಕಾರ ಆಗಿದೆ. ಕನ್ನಡಿಯಲ್ಲಿ ನೋಡ್ತಾ ಪೆಣ್ ಅಂತ ನಿಧಾನಕ್ಕೆ ಹೇಳಿ, ಪಕಾರಕ್ಕೆ ತುಟಿ ಮುಚ್ಚಿ ಬಿಡ್ತೀರಿ, ಆ ತುಟಿಯ ಕೆಲಸ ಪೂರ್ತಿ ಮುಗಿಯುವ ಮೊದಲೇ ಸ್ವರ ಬರ್ತದೆ, ಆಚೆ ಕಡೆ ಣಕಾರಕ್ಕೆ ನಾಲಗೆ ಹಿಂದೆ ಎಳೀತದೆ. ತುಟಿ ಒಟ್ಟಾಗಿ, ನಾಲಗೆ ಹಿಂದೆ. ಈ ಎರಡು ಒಟ್ಟಿಗೆ ಆದ್ರೆ ಬರುವ ಸ್ವರವೇ ಒ, ಉ. ಒಂದು ಕಡೆಯಿಂದ ತುಟಿ ಇನ್ನೊಂದು ಕಡೆಯಿಂದ ಮಡಚಿದ ನಾಲಗೆ ಮಧ್ಯದ ಬಡಪಾಯಿ ಸ್ವರವನ್ನು ತಿರುಗಿಸಿಬಿಡ್ತವೆ.

ಈಗ ಪರೀಕ್ಷೆ. ಒಂದು ಪಕ್ಕ ಮಾತ್ರ ಇದ್ರೆ ಎಂತ ಆಗ್ತದೆ? ತುಳುವಿನಲ್ಲಿ ದನಕ್ಕೆ ಪೆತ್ತ, ಪಕಾರ ಉಂಟು, ಮುಂದೆ ತಕಾರ, ಎಕಾರ ಹಾಗೇ ಉಳಿದಿದೆ. ಬೇರಿಗೆ ಬೇರ್, ಅದೂ ಹಾಗೆ. ಇನ್ನೊಂದು ದಿಕ್ಕಿನಿಂದ, ಕೇಳು ಅಂಬುದಕ್ಕೆ ಕೇಣ್, ಮುಂದೆ ಣಕಾರ ಉಂಟು ಹಿಂದೆ ತುಟಿಯ ಧ್ವನಿ ಇಲ್ಲ, ಎಕಾರ ಉಳಿದಿದೆ. ಎರಡೂ ಪಕ್ಕ ಒಟ್ಟಿಗೆ ಬೇಕು. ಹೀಗೆ ‘ಎಲ್ಲಿ ಆಗುದಿಲ್ಲ’ ಅಂತ ತೋರಿಸುವ ಶಬ್ದ ಹುಡುಕುದು ಆದದ್ದನ್ನು ಪಟ್ಟಿ ಮಾಡುದಕ್ಕಿಂತ ಮುಖ್ಯ ಅಂತ ನನ್ನ ಲೆಕ್ಕ, ಪಟ್ಟಿ ಎಷ್ಟು ಉದ್ದ ಇದ್ರೂ ಉಪಯೋಗ ಇಲ್ಲ, ಆಗದ ಶಬ್ದ ಎರಡು ಸಿಕ್ಕಿದ್ರೆ ಕಾರಣ ಸಿಕ್ಕಿದ ಹಾಗೆ.

ಒಂದು ಮಾತು, ಮಂಡ್ಯದ ಕಡೆಯವ್ರೂ ‘ಬುಡು ಬುಡು’ ಅಂತಾರೆ, ಮಾತಿನ ತಮಿಳಲ್ಲೂ ಪೊಣ್ಣು ಅಂತಲೇ. ಅವ್ರು ತುಳು ಕಲಿತದ್ದಲ್ಲ. ಬಾಯಿ ಎಲ್ಲರಿಗೂ ಒಂದೇ ರೀತಿ ಇರುದ್ರಿಂದ ಒಂದೇ ಬದಲಾವಣೆ ಬೇರೆ ಬೇರೆ ಊರಲ್ಲಿ ತನ್ನಷ್ಟಕ್ಕೆ ಹುಟ್ಬಹುದು. ಎರಡು ಕಡೆ ಒಂದೇ ಧ್ವನಿ ಕೇಳಿದ ಕೂಡ್ಲೇ ‘ಇದು ಅವ್ರಿಂದ ಬಂದದ್ದು’ ಅಂತ ಹೇಳ್ಬೇಡಿ.

ಒಂದು ಶಬ್ದ ಸಾಕ್ಷಿ ಅಲ್ಲ, ಸಾಲು ಬೇಕು

ಕೋರಿ ರೊಟ್ಟಿ ಗೊತ್ತಿಲ್ಲದವ್ರು ನಮ್ಮಲ್ಲಿ ಇಲ್ಲ. ಆ ಕೋರಿ ಕನ್ನಡದ ಕೋಳಿ, ಮಲಯಾಳದ ಕೋೞಿ (ೞ ಅಂದ್ರೆ ಳಕಾರ ರಕಾರದ ನಡುವಿನ ಹಾಗೆ ಕೇಳುವ ಧ್ವನಿ). ಬಾಳೆಗೆ ತುಳುವಿನಲ್ಲಿ ಬಾರೆ, ಮಲಯಾಳದಲ್ಲಿ ವಾೞ. ಹುಳುವಿಗೆ ತುಳುವಿನಲ್ಲಿ ಪುರಿ, ಮಲಯಾಳದಲ್ಲಿ ಪುೞು. ಮೂರು ಶಬ್ದದಲ್ಲೂ ಕನ್ನಡದ ಳಕಾರ ಇರುವ ಜಾಗದಲ್ಲಿ ತುಳುವಿನ ರಕಾರ, ಮಲಯಾಳದ ೞಕಾರ. ಹೀಗೆ ಸಾಲಾಗಿ ಬಂದ್ರೆ ಮಾತ್ರ ನಂಬ್ಬೇಕು. ಉತ್ತರ ಮಲಬಾರಿನ ಕೆಲವರ ಬಾಯಲ್ಲಿ ಇದೇ ಕೋೞಿ ಕೋಯಿ ಆಗ್ತದೆ, ಅದನ್ನೂ ನಾಲ್ಕನೇ ಸಾಲಾಗಿ ಬರ್ಕೊಳ್ಳಿ.

ಈ ೞಕಾರ ಹಳಗನ್ನಡದಲ್ಲೂ ಇತ್ತು. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರ ಇರುವ ಶಬ್ದಗಳನ್ನು ಬೇರೆ ಪಟ್ಟಿ ಮಾಡಿ ಕೊಟ್ಟಿದ್ದಾನೆ. ಜನರ ಬಾಯಲ್ಲಿ ವ್ಯತ್ಯಾಸ ಸರಿಯಾಗಿ ಉಳಿದಿದ್ರೆ ಪಟ್ಟಿಯ ಅಗತ್ಯ ಎಂತ ಇತ್ತು, ಆಗ್ಲೇ ಎರಡೂ ಬೆರೆತು ಹೋಗ್ತಾ ಇದ್ದಿರ್ಬೇಕು. ಈಗ ನಮಗೆ ಎಲ್ಲವೂ ಳಕಾರವೇ. ಆದ್ರೆ ಹೋದ ಧ್ವನಿ ಗುರುತು ಬಿಟ್ಟು ಹೋಗಿದೆ: ಬೀಳು ಅಂಬುದಕ್ಕೆ ಬಿದ್ದ, ಏಳು ಅಂಬುದಕ್ಕೆ ಎದ್ದ ಅಂತ ಯಾಕೆ ಆಗ್ತದೆ, ಕೇಳು ಅಂಬುದಕ್ಕೆ ಕೆದ್ದ ಅಂತ ಯಾಕೆ ಆಗುದಿಲ್ಲ? ಬೀಳು, ಏಳು ಎರಡೂ ಮೊದಲು ೞಕಾರದವು. ಬಿೞ್ದು, ಎೞ್ದು ಅಂತ ಇದ್ದದ್ದು ದಕಾರದ ಪಕ್ಕ ಕರಗಿ ಬಿದ್ದು, ಎದ್ದು ಆಯ್ತು. ಕೇಳುವಿನದ್ದು ಮೊದಲಿಂದ ಬೇರೆ ಳಕಾರ, ಅದು ಕೇಳಿದ ಅಂತಲೇ ಉಳಿಯಿತು.

ಇನ್ನೊಂದು ಸಾಲು ನೀವೇ ಮಾಡಿ ನೋಡಿ. ಒಂದು, ಒಂಜಿ, ಒನ್ನ್. ಹಂದಿ, ಪಂಜಿ, ಪನ್ನಿ. ಕನ್ನಡ, ತುಳು, ಮಲಯಾಳ ಇದೇ ಕ್ರಮದಲ್ಲಿ. ಎರಡೇ ಶಬ್ದವಾದ್ರೂ ದಕಾರ, ಜಕಾರ, ನಕಾರ ಅಂತ ನೀಟಾಗಿ ನಿಂತಾವೆ. ಮೂರನೆಯದ್ದಾಗಿ ಮೂರು, ಮೂಜಿ, ಮೂನ್ನ್ ತಗೊಳ್ಳಿ, ತುಳು ಮಲಯಾಳ ಸರಿ ಬಂತು, ಕನ್ನಡ ಮಾತ್ರ ರಕಾರ ಹಿಡ್ಕೊಂಡು ಸಾಲು ತಪ್ಪಿಸಿತು. ಹೀಗೆ ಸಾಲು ತಪ್ಪಿದ ಶಬ್ದವನ್ನು ಹೊಡೆದು ಹಾಕ್ಬೇಡಿ, ಕೆಂಪು ಪೆನ್ನಲ್ಲಿ ಗುರುತು ಮಾಡಿ ಇಡಿ, ಆಮೇಲೆ ಕರು, ಕಂಜಿ, ಕನ್ನ್ ಸಿಕ್ಕಿದಾಗ ಅದಕ್ಕೆ ಜೊತೆ ಸಿಗ್ತದೆ.

ಮಲಯಾಳದ ಮೂಗಿನ ಧ್ವನಿಗಳದ್ದೂ ಹೀಗೇ. ನಮ್ಮ ಗಂಜಿ ಅಲ್ಲಿ ಕಞ್ಞಿ, ಬಂದ ಅಂಬುದು ವನ್ನು, ತೆಂಗಿನಕಾಯಿಗೆ ತೇಙ್ಙ. ಮೂಗಿನ ಧ್ವನಿ ಪಕ್ಕದ ಜಕಾರ ದಕಾರ ಗಕಾರವನ್ನು ನುಂಗಿ ತಾನೇ ಎರಡಾಗಿ ಕೂತಿದೆ. ಆದ್ರೆ ದೇವಸ್ಥಾನಕ್ಕೆ ಅಂಬಲಂ, ಎರಡಕ್ಕೆ ರಂಡ್, ಇಲ್ಲಿ ಬಕಾರ ಡಕಾರ ನುಂಗಿಸಿಕೊಳ್ಳದೆ ಗಟ್ಟಿ ನಿಂತಿವೆ.

ಮನೆಯದ್ದಾ, ಹೊರಗಿಂದ ಬಂದದ್ದಾ

ಇದು ನಮ್ಮ ಊರಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಯಾಕಂದ್ರೆ ಇಲ್ಲಿ ಶಬ್ದಗಳು ಒಂದು ಅಂಗಳದಿಂದ ಇನ್ನೊಂದಕ್ಕೆ ಬೇಲಿ ದಾಟಿ ಹೋಗ್ತಾ ಇರ್ತಾವೆ. ಆದ್ರೆ ಧ್ವನಿಯ ನಿಯಮ ಗೊತ್ತಿದ್ರೆ ಅದೇ ಜರಡಿ.

ಕನ್ನಡದಲ್ಲಿ ಪಕಾರದಿಂದ ಸುರುವಾಗುವ ಶಬ್ದ ಸಿಕ್ಕಿದ್ರೆ ಮೊದಲು ಸಂಶಯ ಪಡಿ. ಪೂಜೆ, ಪುಣ್ಯ ಸಂಸ್ಕೃತದವು. ಪಟಪಟ, ಪಿಸಪಿಸ ಸದ್ದಿನ ಶಬ್ದ, ಅವಕ್ಕೆ ನಿಯಮ ಹಿಡಿಯುದಿಲ್ಲ. ಆದ್ರೆ ಪುನರ್ಪುಳಿ (ಕೋಕಂ)? ನಾವು ಹುಳಿ ಅಂತೇವೆ, ಹುಳಿ ತಿನ್ನುದು ಅಂತೇವೆ, ಶರಬತ್ತು ಮಾಡ್ಬೇಕಾದ್ರೆ ಮಾತ್ರ ಪುನರ್ಪುಳಿ. ಎರಡೂ ಒಂದೇ ಪುಳಿ, ಒಂದು ಕನ್ನಡದ ಬಾಯಲ್ಲಿ ಸಾವಿರ ವರ್ಷ ತಿರುಗಿದ್ದು, ಇನ್ನೊಂದು ಆಚೆ ಮನೆಯಿಂದ ಹಾಗೇ ತಂದದ್ದು. ಪತ್ತನಾಜೆಯೂ ಹಾಗೆ, ತುಳುವರ ಬೇಸ ತಿಂಗಳ ಹತ್ತನೇ ದಿನ, ತುಳುವಿನ ಪತ್ತು ಅದರಲ್ಲಿ ಗಟ್ಟಿಯಾಗಿ ಉಂಟು.

ಈಗ ತಮಾಷೆ ಕೇಳಿ. ಬೆಂಗಳೂರಿನವ್ರು ಮೆಣಸಿನ ಪುಡಿ ಅಂತಾರೆ, ನಾವು ಮೆಣಸಿನ ಹುಡಿ ಅಂತೇವೆ. ಅಲ್ಲಿಗೆ ಹೋದ ನಮ್ಮ ಮಕ್ಕಳನ್ನು ‘ಹುಡಿ ಅಂದ್ರೇನ್ರೀ’ ಅಂತ ನಗಾಡ್ತಾರೆ. ತುಳುವಿನಲ್ಲಿ ಮಲಯಾಳದಲ್ಲಿ ಅದು ಪೊಡಿ, ಸುರುವಿನ ಪಕಾರ ಕನ್ನಡದಲ್ಲಿ ಹಕಾರ ಆಗ್ಬೇಕು, ಆಗಿದೆ, ನಮ್ಮ ಬಾಯಲ್ಲಿ. ನಿಯಮ ಪಾಲಿಸಿದವ್ರು ನಾವು, ನಗಾಡಿಸಿಕೊಂಡವ್ರೂ ನಾವೇ ಮಾರಾಯ್ರೆ!

ಹೊಸ ಶಬ್ದಗಳಲ್ಲೂ ಜರಡಿ ಹಿಡೀಬಹುದು. ಕಾಸರಗೋಡಿನ ಕನ್ನಡದವ್ರು ಹೆಚ್ಚಿನವ್ರು ಬೇಂಕ್, ಬೇಗ್ ಅಂತಲೇ ಹೇಳುದು. ಮಲಯಾಳದಲ್ಲಿ ಓದಿದ ಮಕ್ಕಳು ಕಾಲೇಜಿಗೆ ಕೋಳೇಜ್ ಅಂತಾರೆ, ಆಫೀಸು ಓಫೀಸ್ ಆಗ್ತದೆ. ಇಂಗ್ಲಿಷಿನ ಒಂದು ಸ್ವರ ಕನ್ನಡಕ್ಕೆ ಆಕಾರವಾಗಿ ಬಂತು, ಮಲಯಾಳಕ್ಕೆ ಓಕಾರವಾಗಿ ಹೋಯ್ತು, ಹಾಗಾಗಿ ಯಾರಾದ್ರೂ ಓಫೀಸ್ ಅಂದ್ರೆ ಆ ಶಬ್ದ ಯಾವ ದಾರಿಯಲ್ಲಿ ಅವರ ಬಾಯಿಗೆ ಬಂತು ಅಂತ ಹೇಳ್ಬಹುದು.

ಬರೀ ಶಬ್ದ ಅಲ್ಲ, ಧ್ವನಿಯ ಅಭ್ಯಾಸವೇ ಬೇಲಿ ದಾಟುದೂ ಉಂಟು. ಶಬ್ದದ ಸುರುವಿನ ಹಳೇ ವಕಾರ ಕನ್ನಡದಲ್ಲಿ ತುಳುವಿನಲ್ಲಿ ಬಕಾರ ಆಗಿ ಬಹಳ ಕಾಲ ಆಯ್ತು, ಬಾಯಿ, ಬೇರು, ಬಿತ್ತು ಎಲ್ಲ ಹಾಗೇ, ಮಲಯಾಳದಲ್ಲಿ ವಾಯ್, ವೇರ್, ವಿತ್ತ್ ಉಳಿದಿದೆ. ಆದ್ರೆ ಕಾಸರಗೋಡಿನ ಮಲಯಾಳ ಕೇಳಿ: ನೀರಿಗೆ ಬೆಳ್ಳಂ, ಮನೆಗೆ ಬೀಡ್. ತಿರುವನಂತಪುರದವ್ರು ವೆಳ್ಳಂ, ವೀಡ್ ಅಂತಾರೆ, ಇಲ್ಲಿಯ ಮಾತು ಕೇಳಿ ಅವ್ರೂ ನಗಾಡ್ತಾರೆ. ತುಳು ಕನ್ನಡದ ಒಟ್ಟಿಗೆ ತಲೆಮಾರುಗಟ್ಟಲೆ ಬದುಕಿದ ಮಲಯಾಳ ಇದು, ಶಬ್ದ ತನ್ನದೇ, ಸುರುವಿನ ಧ್ವನಿ ನೆರೆಮನೆಯದ್ದು.

ರೆಕಾರ್ಡ್ ಮಾಡುವಾಗ

ಎಂತ ಕೇಳ್ತೀರಿ ಅಂಬುದಕ್ಕಿಂತ ಹೇಗೆ ಕೇಳ್ತೀರಿ ಅಂಬುದು ಮುಖ್ಯ. ‘ನೀವು ಇದಕ್ಕೆ ಕೆಮಿ ಹೇಳುದಾ ಕಿವಿ ಹೇಳುದಾ’ ಅಂತ ಕೇಳಿದ್ರೆ ಉತ್ತರ ನೀವೇ ಕೊಟ್ಟ ಹಾಗೆ, ಹೆಚ್ಚಿನವ್ರು ಮರ್ಯಾದಿಗೆ ಪುಸ್ತಕದ ಶಬ್ದವನ್ನೇ ಹೇಳ್ತಾರೆ. ವಸ್ತು ತೋರಿಸಿ, ಇಲ್ಲದಿದ್ರೆ ಕೆಲಸ ಮಾಡುವಾಗ ಹತ್ರ ಕೂತ್ಕೊಳ್ಳಿ. ಅಡಿಕೆ ಸುಲಿಯುವಾಗ ಬಾಯಿ ಬಿಡುವು ಇರ್ತದೆ, ಫೋನನ್ನು ಪಕ್ಕದಲ್ಲಿ ಇಟ್ಟು ಹಳೇ ಮಳೆಗಾಲದ ಸುದ್ದಿ, ಮದುವೆಯ ಸುದ್ದಿ ತೆಗೆದ್ರೆ ಅರ್ಧ ಗಂಟೆಯಲ್ಲಿ ನಿಮಗೆ ಬೇಕಾದಷ್ಟು ಸಿಗ್ತದೆ. ರೆಕಾರ್ಡ್ ಮಾಡ್ತಾ ಇದ್ದೇನೆ ಅಂತ ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ, ಅದರಲ್ಲಿ ರಿಯಾಯಿತಿ ಇಲ್ಲ. ಫ್ಯಾನ್ ಆಫ್ ಮಾಡಿ, ಸಕಾರ ಹಕಾರ ಎಲ್ಲ ಫ್ಯಾನಿನ ಸದ್ದಲ್ಲಿ ಮುಚ್ಚಿ ಹೋಗ್ತದೆ.

ತಾಳಮದ್ದಳೆ, ಯಕ್ಷಗಾನದ ಅರ್ಥಗಾರಿಕೆಯ ಮಾತು ಈ ಕೆಲಸಕ್ಕೆ ಆಗುದಿಲ್ಲ. ಯಕ್ಷಗಾನ ಪ್ರಸಂಗದ ಕವಿ ಕುಂಬಳೆಯ ಪಾರ್ತಿಸುಬ್ಬನ ಊರು ನಮ್ಮದು, ಹೆಮ್ಮೆ ಉಂಟು, ಆದ್ರೆ ರಂಗಸ್ಥಳದ ಕನ್ನಡ ತೂಕ ಮಾಡಿ ಹೇಳುವ ಗ್ರಂಥದ ಕನ್ನಡ. ಅದೇ ಕಲಾವಿದ ಚೌಕಿಯಲ್ಲಿ ಬಣ್ಣ ತೆಗೆಯುವಾಗ ಮಾತಾಡುದು ಬೇಕು.

ಮನೆಯಲ್ಲಿ ಮೂರು ತಲೆಮಾರು ಇದ್ರೆ ಬಂಪರ್. ಅದೇ ಹತ್ತಿಪ್ಪತ್ತು ಶಬ್ದ ಮೂವರ ಹತ್ರವೂ ಹೇಳಿಸಿ. ಹವ್ಯಕರ ಅಜ್ಜಿ ‘ಬಪ್ಪದು, ಹೋಪದು’ ಅಂತಾರೆ, ಬಪ್ಪದರಲ್ಲಿ ಹಳೇ ಬರ್ಪುದು ಇನ್ನೂ ಉಂಟು, ರಕಾರ ಮಾತ್ರ ಪಕಾರದೊಳಗೆ ಸೇರಿದೆ, ಇರ್ಪತ್ತು ಇಪ್ಪತ್ತಾದ ಹಾಗೇ. ಮೊಮ್ಮಗು ಟಿವಿ ನೋಡಿ ‘ಬರೋದು’ ಅಂತದೆ. ಅದು ಬಪ್ಪದು ಸವೆದು ಬರೋದು ಆದದ್ದಲ್ಲ, ಒಂದು ಪದ್ಧತಿ ಬಿಟ್ಟು ಇನ್ನೊಂದನ್ನು ಹಿಡಿದದ್ದು. ಎರಡನ್ನೂ ಬೇರೆ ಬೇರೆ ಬರೀಬೇಕು. ಮತ್ತೆ ಮೂರು ವರ್ಷದ ಮಗು ರಕಾರ ಬಾರದೆ ಲಕಾರ ಹೇಳಿದ್ರೆ ಅದನ್ನು ಭಾಷೆಯ ಬದಲಾವಣೆಯ ಲೆಕ್ಕಕ್ಕೆ ಹಾಕ್ಬೇಡಿ, ದೊಡ್ಡದಾಗ್ತಾ ಹೆಚ್ಚಾಗಿ ಸರಿಯಾಗ್ತದೆ.

ಬರೆಯುವಾಗ ಪುಸ್ತಕದ ಕಾಗುಣಿತಕ್ಕೆ ತಿದ್ದಬೇಡಿ. ತುಳು ಮಲಯಾಳದ ಕೊನೆಯ ಅರ್ಧ ಉಕಾರ, ಕಣ್ಣ್, ಪತ್ತ್ ಅಂತ ಬರುದು, ಅದಕ್ಕೆ ಕನ್ನಡ ಲಿಪಿಯಲ್ಲಿ ಸರಿಯಾದ ಗುರುತಿಲ್ಲ, ಹಲಂತ ಹಾಕಿ ಬರೆಯಿರಿ, ಒಂದೇ ರೀತಿ ಬರೆಯಿರಿ ಅಷ್ಟೇ. ಕಿವಿಗೆ ಸಂಶಯ ಇದ್ರೆ ಪ್ರಾಟ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಉಂಟು, ಆಮ್‌ಸ್ಟರ್‌ಡಾಮ್ ಯೂನಿವರ್ಸಿಟಿಯಲ್ಲಿ ತಯಾರಾದದ್ದು, ಧ್ವನಿಯ ಅಲೆಯನ್ನು ಚಿತ್ರವಾಗಿ ತೋರಿಸ್ತದೆ. ಸುರುವಿಗೆ ಅದು ಬೇಡವೇ ಬೇಡ, ಕಿವಿ ಮೊದಲು ಹದವಾಗ್ಲಿ.

ಜಾತಿಯ ವಿಷಯ ಬರ್ತದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ತುಳುವಿನಲ್ಲಿ ತಲೆಗೆ ಒಬ್ಬರು ತರೆ, ಒಬ್ಬರು ಸರೆ, ಒಬ್ಬರು ಹರೆ ಅಂತಾರೆ, ಯಾರು ಯಾವುದು ಹೇಳ್ತಾರೆ ಅಂತ ಊರಿಗೆಲ್ಲ ಗೊತ್ತು, ಅದನ್ನು ಹಿಡಿದು ತಮಾಷೆ ಮಾಡುವವ್ರೂ ಇದ್ದಾರೆ. ತಕಾರ, ಸಕಾರ, ಹಕಾರ ಒಂದರಿಂದ ಒಂದು ಸಡಿಲಾಗುದು ಬಾಯಿಯ ಕೆಲಸ, ಯಾವುದೂ ಮೇಲಲ್ಲ ಯಾವುದೂ ಕೆಳಗಲ್ಲ. ಎದುರಿನವರ ಉಚ್ಚಾರವನ್ನು ಅವರ ಎದುರೇ ಅನುಕರಣೆ ಮಾಡಿ ತೋರಿಸ್ಬೇಡಿ, ಮತ್ತೆ ಅವ್ರು ಬಾಯಿ ಬಿಡುದಿಲ್ಲ.

ಡಿಕ್ಷನರಿಗೆ ಹೋಗುದು ಕೊನೆಗೆ

ಮೊದಲೇ ನೋಡಿದ್ರೆ ಕಿವಿ ಕೆಟ್ಟು ಹೋಗ್ತದೆ, ಪುಸ್ತಕದಲ್ಲಿ ಇದ್ದದ್ದೇ ಕೇಳ್ತದೆ. ನಿಮ್ಮ ಪಟ್ಟಿ ತಯಾರಾದ ಮೇಲೆ ನೋಡಿ. ನಮ್ಮ ಭಾಗ್ಯಕ್ಕೆ ಈ ಕರಾವಳಿಯ ಮೂರು ಭಾಷೆಗೂ ಹಳೇ ದೊಡ್ಡ ಡಿಕ್ಷನರಿ ಉಂಟು, ಮೂರನ್ನೂ ಮಂಗಳೂರಿನ ಬಾಸೆಲ್ ಮಿಷನ್ನಿನವ್ರೇ ಹೊರಗೆ ತಂದದ್ದು: ಗುಂಡರ್ಟನ ಮಲಯಾಳ 1872ರಲ್ಲಿ, ಮ್ಯಾನರನ ತುಳು 1886ರಲ್ಲಿ, ಕಿಟ್ಟೆಲನ ಕನ್ನಡ 1894ರಲ್ಲಿ. ಒಂದೇ ಶಬ್ದವನ್ನು ಮೂರರಲ್ಲೂ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ತುಳುವಿಗೆ ಇನ್ನೂ ವಿವರ ಬೇಕಾದ್ರೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟದ ತುಳು ನಿಘಂಟು ಉಂಟು, ಅದರಲ್ಲಿ ಊರು ಊರಿನ ರೂಪ ಎಲ್ಲ ಸಿಗ್ತದೆ. ಎಲ್ಲ ದ್ರಾವಿಡ ಭಾಷೆ ಒಟ್ಟಿಗೆ ಬೇಕಾದ್ರೆ ಬರೋ ಮತ್ತು ಎಮಿನೋ ಅಂಬ ಇಬ್ಬರು ವಿದ್ವಾಂಸರು 1961ರಲ್ಲಿ ಮಾಡಿ 1984ರಲ್ಲಿ ಪರಿಷ್ಕರಿಸಿದ ಡಿಕ್ಷನರಿ ಉಂಟು, ಚಿಕಾಗೊ ಯೂನಿವರ್ಸಿಟಿಯ ಸೈಟಲ್ಲಿ ಓದ್ಲಿಕ್ಕೆ ಸಿಗ್ತದೆ. ರೋಮನ್ ಲಿಪಿಯಲ್ಲಿ ಉಂಟು, ಅಕ್ಷರದ ಕೆಳಗಿನ ಚುಕ್ಕಿ ಗೆರೆ ಅಭ್ಯಾಸ ಆಗ್ಲಿಕ್ಕೆ ಎರಡು ದಿನ ಬೇಕು.

ಊರ ಹೆಸರಿನ ಆಸೆ

ಇಷ್ಟು ಕಲಿತ ಕೂಡ್ಲೇ ಎಲ್ಲರಿಗೂ ಊರಿನ ಹೆಸರು ಬಿಡಿಸುವ ಹುಚ್ಚು ಹಿಡೀತದೆ. ಕೆಲವು ಸಲೀಸು ಉಂಟು. ಹೊಸಂಗಡಿಯಲ್ಲಿ, ಕಾಞಂಗಾಡಿನ ಹೊಸದುರ್ಗದಲ್ಲಿ ಹಕಾರ ಉಂಟು, ಮಲಯಾಳದಲ್ಲೂ ತುಳುವಿನಲ್ಲೂ ಹೊಸತಕ್ಕೆ ಹಕಾರ ಇಲ್ಲ, ತುಳುವಿನದ್ದು ಪೊಸ, ಮಲಯಾಳದ್ದು ಪುದಿಯ. ಮಲಯಾಳದವ್ರು ಈಗ ಹೋಸ್ದುರ್ಗ್ ಅಂತ ಹೇಳಿದ್ರೂ ಆ ಹಕಾರ ಇಕ್ಕೇರಿ ನಾಯಕರ ಕಾಲದ ಕನ್ನಡವನ್ನು ತೋರಿಸ್ತದೆ.

ಕಾಸರಗೋಡು ಅಷ್ಟು ಸಲೀಸಿಲ್ಲ. ಕಾಸಾರ ಅಂದ್ರೆ ಕೆರೆ, ಅದ್ರಿಂದ ಬಂತು ಅಂತ ಒಂದು ಕಥೆ. ಕಾಸರಕ ಮರದಿಂದ ಬಂತು ಅಂತ ಇನ್ನೊಂದು ಕಥೆ. ಧ್ವನಿಯ ಲೆಕ್ಕಕ್ಕೆ ಎರಡೂ ಹೊಂದ್ತದೆ, ಹಾಗಾಗಿ ಧ್ವನಿ ಮಾತ್ರ ನೋಡಿ ತೀರ್ಮಾನ ಮಾಡ್ಲಿಕ್ಕೆ ಬರುದಿಲ್ಲ. ಇಂತದ್ದಕ್ಕೆ ಹಳೇ ಶಾಸನದಲ್ಲಿ, ಹಳೇ ಕಂದಾಯದ ಕಡತದಲ್ಲಿ ಹೆಸರನ್ನು ಹೇಗೆ ಬರೆದಿದ್ದಾರೆ ಅಂತ ನೋಡ್ಬೇಕು, ಎರಡು ಮೂರು ಶತಮಾನದ ರೂಪ ಸಿಕ್ಕಿದ್ರೆ ಯಾವ ಧ್ವನಿ ಮೊದಲು ಹೋಯ್ತು ಯಾವುದು ಆಮೇಲೆ ಅಂತ ಹೇಳ್ಬಹುದು. ಅದು ಸಿಗುವವರೆಗೆ ನೋಟ್‌ಬುಕ್ಕಲ್ಲಿ ಹೆಸರಿನ ಪಕ್ಕ ಪ್ರಶ್ನೆಚಿಹ್ನೆ ಹಾಕಿ ಮುಂದಿನ ಶಬ್ದಕ್ಕೆ ಹೋಗಿ.